ಎಡಗೈ ಚಾಚಿದ ಹುಡುಗಿ

ಪಂಥ ಕಟ್ಟುತ್ತೇನೆ, ನೀವು ನಂಬುವುದಿಲ್ಲ. ಎಪ್ಪತ್ತು ದಾಟಿದ ನನ್ನನ್ನು ಒಂದು ಪುಟ್ಟ ಎಡಗೈ ಕೆಡವಿತು.

ಬ್ಯಾಡಗಿಯ ಶಾಲೆಯೊಂದರಲ್ಲಿ ಹಳೇ ಸ್ಕೌಟ್ ಎಂದು ಹೇಳಿಕೊಂಡು, ದೇಶದ ಸ್ಕೌಟ್ ಚಳವಳಿಯ ಇತಿಹಾಸ ಹೇಳಿದೆ. ಬೇರೆ ಬೇರೆ ಇದ್ದ ಸಂಘಗಳು ಸ್ವಾತಂತ್ರ್ಯದ ನಂತರ ಒಂದಾದದ್ದನ್ನು, ನಾನೇ ನಿಂತು ಗಂಟು ಹಾಕಿಸಿದಂತೆ ಕೊಚ್ಚಿಕೊಂಡೆ. ಮುಗಿದ ಮೇಲೆ ಗೈಡ್ ಹುಡುಗಿಯೊಬ್ಬಳು ಕೈಕುಲುಕಲು ಎಡಗೈ ಚಾಚಿದಳು.

“ಏ ತಂಗಿ, ಹಿರ್ಯಾರಿಗೆ ಎಡಗೈ ಕೊಡ್ತಾರೇನು?” ಎಂದು ಗದರಿದೆ.

“ಅಜ್ಜಾರ, ಸ್ಕೌಟ್‌ನಾಗ ಎಡಗೈನ ಕೊಡೂದ್ರಿ. ನಿಮಗ ಕಲಿಸಿಲ್ಲೇನ್ರಿ?”

ಇಡೀ ಶಾಲೆ ನಕ್ಕಿತು. ಅವಲಕ್ಕಿ ಕೊಡುತ್ತಾರೆಂದು ಸ್ಕೌಟ್ ಸೇರಿ, ಮೂರೇ ದಿನಕ್ಕೆ ಬಿಟ್ಟವನು ನಾನು. ಒಪ್ಪಿಕೊಂಡು ಎಡಗೈ ಕೊಟ್ಟೆ.

ಸುದ್ದಿ ನನ್ನೂರಿಗೂ ಮುಟ್ಟಿ, ಈಗ ರಾಣೆಬೆನ್ನೂರಿನ ಗೆಳೆಯರೆಲ್ಲ ನನಗೆ ಬೇಕೆಂದೇ ಎಡಗೈ ಚಾಚುತ್ತಾರೆ. ಮೇಲಿನದರಲ್ಲಿ ಒಂದೇ ಸುಳ್ಳಿದೆ: ಮೂರು ದಿನವಲ್ಲ, ಅವಲಕ್ಕಿ ತಿಂದು ಅವತ್ತೇ ಓಡಿದ್ದೆ.