ಕುಂಕುಮ ಸಿಗದ ಗೇಮಿಂಗ್ ಪಿಸಿ

ಸ್ನೇಹಿತರೇ, ಇವತ್ತು ಆಯುಧಪೂಜೆಯಲ್ಲಿ ನನ್ನ ಮಾನ ಹೋಯಿತು. ಒಂದೊಂದೇ ಪಾರ್ಟ್ ತಂದು ನಾನೇ ಜೋಡಿಸಿದ ಗೇಮಿಂಗ್ ಪಿಸಿಯನ್ನು ಒರೆಸಿ, ಅಮ್ಮನ ಕುಂಕುಮಕ್ಕೆ ಕಾಯುತ್ತಿದ್ದೆ. ಗುಬ್ಬಿಯಿಂದ ಬಂದಿದ್ದ ಹೆಂಡತಿಯ ತಮ್ಮ ತನ್ನ ಗೇಮ್ ಕನ್ಸೋಲನ್ನು ತಂದು ಪಕ್ಕದಲ್ಲೇ ಇಟ್ಟ.

"ಟಿವಿಗೆ ಸಿಗ್ಸಿ ಗುಂಡಿ ಒತ್ತೋ ಡಬ್ಬಕ್ಕೆಲ್ಲ ಪೂಜೆ ಯಾಕ್ಲಾ? ಮಷೀನು ಅಂದ್ರೆ ಇದು ನೋಡು" ಅಂತ ನನ್ನ ಪಿಸಿ ತೋರಿಸಿದೆ.

"ಭಾವ, ನೀವು ಅದ್ರಲ್ಲಿ ಆಡಿದ್ದಕ್ಕಿಂತ ಸ್ಕ್ರೂ ಬಿಚ್ಚಿದ್ದೇ ಜಾಸ್ತಿ" ಅಂದ.

ಅಮ್ಮ ತಟ್ಟೆ ಹಿಡಿದು ಬಂದರು. "ಇವೆರಡ್ರಲ್ಲಿ ಏನ್ ಕೆಲ್ಸ ಮಾಡ್ತೀರಪ್ಪ?"

ನಾನು ಪಿಸಿಯನ್ನು ಮತ್ತೊಮ್ಮೆ ಒರೆಸಿದೆ, ಅವನು ಕನ್ಸೋಲಿನ ವೈರು ಸುತ್ತಿದ.

"ಆಟದ ಸಾಮಾನಿಗೆಲ್ಲ ಕುಂಕುಮ ಇಡಕ್ಕಾಗಲ್ಲ ಕಣ್ರೋ" ಎಂದವರೇ, ಮಿಕ್ಸಿಗೂ ನನ್ನ ಹೆಂಡತಿಯ ಆಫೀಸಿನ ಹಳೇ ಲ್ಯಾಪ್‌ಟಾಪಿಗೂ ಸೇವಂತಿಗೆ ಇಟ್ಟು ಮಂಗಳಾರತಿ ಎತ್ತಿದರು.

ಪೂಜೆಯಾದದ್ದನ್ನು ಇವತ್ತು ಮುಟ್ಟುವಂತಿಲ್ಲ. ನಮ್ಮವಕ್ಕೆ ಆ ಕಟ್ಟುಪಾಡಿಲ್ಲ ಎಂದು ಇಬ್ಬರೂ ಖುಷಿಯಾಗಿ ಆಡಲು ಕೂತೆವು. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ಕೂಗು: "ಮಿಕ್ಸಿ ಮುಟ್ಟಂಗಿಲ್ಲ, ಇಬ್ರೂ ಬಂದು ಒರಳಲ್ಲಿ ಚಟ್ನಿ ರುಬ್ರೋ!"

ನಾನು ಗುಂಡುಕಲ್ಲು ತಿರುಗಿಸಿದೆ, ಅವನು ಕಾಯಿ ತಳ್ಳಿದ. ಪಿಸಿ, ಕನ್ಸೋಲ್ ಎರಡರಲ್ಲೂ ಆಡಿದವನಾಗಿ ಹೇಳುತ್ತೇನೆ: ಇಬ್ಬರು ಆಡುವ ಆಟಕ್ಕೆ ಒರಳುಕಲ್ಲಿನಷ್ಟು ಗಟ್ಟಿ ಮಷೀನು ಇನ್ನೊಂದಿಲ್ಲ.