ತೋಡಿನ ದಂಡೆಯ ಕೆಸು

ಕಳೆ ಔಷಧಿಯ ವಾಸನೆ ನನಗೆ ಆಗಿಬರುವುದಿಲ್ಲ. ಇವತ್ತು ಬೆಳಿಗ್ಗೆ ಕುಶಾಲನಗರದ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಒಬ್ಬ ಬೆನ್ನಿಗೆ ಪಂಪು ಕಟ್ಟಿಕೊಂಡು, ಮುಖಕ್ಕೆ ಟವೆಲು ಸುತ್ತಿಕೊಂಡು ನಿಂತಿದ್ದ. "ಸಾರ್, ನಿಮ್ಮ ಬೇಲಿ ಬುಡಕ್ಕೂ ಹೊಡೀಲಾ?" ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಗಾಳಿ ಇತ್ತ ತಿರುಗಿತು, ಆ ವಾಸನೆ ಬಂತು... ಏನೂ ಹೇಳದೆ ಒಳಗೆ ಬಂದು ಬಾಗಿಲು ಹಾಕಿಕೊಂಡು ಕುಳಿತೆ. ಹೆಂಡತಿ ಕಾಫಿ ತಂದಳು. ಬೇಡ ಎಂದೆ. ಕಾಫಿ ಬೇಡ ಎನ್ನುವ ಜನ್ಮವೇ ಅಲ್ಲ ನನ್ನದು, ಅವಳಿಗೆ ಗಾಬರಿಯಾಯಿತು.

ಲೈನಿನ ಅಜ್ಜಿ ನೆನಪಾಗಿದ್ದಳು.

ಅಮ್ಮತ್ತಿ ಕಡೆಯ ಒಂದು ಎಸ್ಟೇಟಿನಲ್ಲಿ ನಾನು ಇಪ್ಪತ್ತಾರು ವರ್ಷ ರೈಟರ್ ಆಗಿದ್ದೆ. ರೈಟರ್ ಎಂದರೆ ಬರೆಯುವುದು ಕಡಿಮೆ, ಕೂಗುವುದು ಜಾಸ್ತಿ. ಬೆಳಿಗ್ಗೆ ಹಾಜರಿ ಕರೆಯಬೇಕು, ಯಾರು ತೋಟದ ಯಾವ ಬ್ಲಾಕಿಗೆ ಎಂದು ಹಂಚಬೇಕು, ಸಂಜೆ ಮ್ಯಾನೇಜರರ ಹತ್ತಿರ ಬೈಸಿಕೊಳ್ಳಬೇಕು. ಕೆಲಸಗಾರರ ಮನೆಗಳನ್ನು ನಾವು ಲೈನು ಎನ್ನುತ್ತಿದ್ದೆವು. ಅಜ್ಜಿ ಅದರ ಕೊನೆಯ ಕೋಣೆಯಲ್ಲಿದ್ದಳು, ಒಂದೂವರೆ ವರ್ಷದ ಮೊಮ್ಮಗಳ ಜೊತೆ. ಮಗುವಿನ ತಾಯಿ ಹೆರಿಗೆಯಾದ ವರ್ಷವೇ ತೀರಿಕೊಂಡಿದ್ದಳು. ಅಪ್ಪ ಶುಂಠಿ ಕೆಲಸಕ್ಕೆಂದು ಕೇರಳದ ಕಡೆ ಹೋದವನು ಹೋದವನೇ.

ಮಗುವಿನ ತೋಳು ನನ್ನ ಹೆಬ್ಬೆರಳಿನಷ್ಟು ದಪ್ಪವಿತ್ತು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿ ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದರು. ಕಾರ್ಡಿನಲ್ಲಿ ಮೂರು ಬಣ್ಣ. ಮೇಲೆ ಹಸಿರು, ನಡುವೆ ಹಳದಿ, ಕೆಳಗೆ ಕೆಂಪು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಬಣ್ಣ ಚೆನ್ನಾಗಿ ಬರುತ್ತಿತ್ತು. ಮಗು ಕೆಂಪಿನಲ್ಲಿತ್ತು. ಹೀಗೇ ಇದ್ದರೆ ಮಡಿಕೇರಿ ಆಸ್ಪತ್ರೆಯಲ್ಲಿ ಹದಿನೈದು ದಿನ ಇಡಬೇಕಾಗುತ್ತದೆ ಎಂದು ಟೀಚರ್ ಹೇಳಿದ್ದರು. ಹದಿನೈದು ದಿನ ಕೆಲಸಕ್ಕೆ ಬಾರದವರ ಕೋಣೆ ನಮ್ಮ ಎಸ್ಟೇಟಿನಲ್ಲಿ ಬೇರೆಯವರಿಗೆ ಹೋಗುತ್ತಿತ್ತು. ಆ ಕಾನೂನು ಓದಿ ಹೇಳುತ್ತಿದ್ದವನೂ ನಾನೇ.

ಅಂಗನವಾಡಿಯಲ್ಲಿ ಮೊಟ್ಟೆ, ಹಾಲು ಕೊಡುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅದು ಮೂರು ಕಿಲೋಮೀಟರು ದೂರ, ದಾರಿಯಲ್ಲಿ ಆನೆ. ತೋಟದಲ್ಲಿ ಆನೆ ಇದೆ ಎಂದು ಸುದ್ದಿ ಬಂದ ದಿನ ಮಕ್ಕಳನ್ನು ಯಾರು ಕಳಿಸುತ್ತಾರೆ? ಮಳೆಗಾಲದಲ್ಲಿ ವಾರಕ್ಕೆ ನಾಲ್ಕು ದಿನ ಹಾಗೆಯೇ ಹೋಗುತ್ತಿತ್ತು. ಉಳಿದದ್ದು ಸೊಸೈಟಿ ಅಕ್ಕಿ, ಉಪ್ಪು, ಒಂದು ಚೂರು ಒಣಮೀನು.

ಲೈನಿನ ಮುಂದೆ ತರಕಾರಿ ಹಾಕೋಣವೆಂದರೆ ಅದಕ್ಕೂ ಕಲ್ಲು. ಇವತ್ತು ಬದನೆ ಗಿಡ ನೆಡುತ್ತಾರೆ, ನಾಳೆ ಜಾಗ ನಮ್ಮದು ಅನ್ನುತ್ತಾರೆ ಎಂದು ಎಸ್ಟೇಟಿನ ಮಾಲೀಕರಾದ ಸಾಹುಕಾರರಿಗೆ ಭಯ. ಹಾಗಾಗಿ ಅಜ್ಜಿ ಒಂದು ಉಪಾಯ ಮಾಡಿದ್ದಳು. ಏಳನೇ ಬ್ಲಾಕಿನಲ್ಲಿ ಹರಿಯುವ ತೋಡಿನ, ಅಂದರೆ ಸಣ್ಣ ಹಳ್ಳದ, ದಂಡೆಯಲ್ಲಿ, ಕಾಫಿ ಗಿಡಗಳ ನೆರಳಿನಲ್ಲಿ, ಕೆಸು, ಗಣಿಕೆ, ಕಾಡು ಹರಿವೆ, ಒಂದೆಲಗ ಎಲ್ಲವನ್ನೂ ಸಾಲಿಲ್ಲದೆ, ಪಾತಿಯಿಲ್ಲದೆ ಎಬ್ಬಿಸಿದ್ದಳು. ನೋಡಿದವರಿಗೆ ಬರೀ ಕಳೆ. ಬೇಕೆಂದೇ ನಡುನಡುವೆ ಹುಲ್ಲನ್ನೂ ಬಿಟ್ಟಿದ್ದಳು. ನಾನು ಮೊದಲ ಸಲ ಕಂಡುಹಿಡಿದಾಗ ಹೆದರಲಿಲ್ಲ, ನಕ್ಕಳು.

"ಸಾಲು ಹಾಕಿದ್ರೆ ತೋಟ ಅಂತಾರೆ ರೈಟ್ರೇ. ಹಿಂಗೇ ಬಿಟ್ರೆ ಕಾಡು ಅಂತಾರೆ."

ಎಂಥ ತಲೆ! ನಾನು ಬಾಯಿ ಮುಚ್ಚಿಕೊಂಡೆ. ಅದಕ್ಕೆ ಕೂಲಿಯೂ ಸಿಕ್ಕಿತು ನನಗೆ. ಕಕ್ಕಡ ತಿಂಗಳ ಹದಿನೆಂಟರ ದಿನ ಮದ್ದು ಸೊಪ್ಪಿನ ಕಟ್ಟು ನಮ್ಮ ಕ್ವಾರ್ಟರ್ಸಿನ ಬಾಗಿಲಿಗೆ ಬರುತ್ತಿತ್ತು. ಆಷಾಢದ ಮಳೆಯಲ್ಲಿ ಆ ಒಂದು ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಇರುತ್ತದೆ ಎಂದು ಅಮ್ಮತ್ತಿ ಕಡೆಯವರೆಲ್ಲ ಅದರ ರಸದಿಂದ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ನಮ್ಮದು ಸೋಮವಾರಪೇಟೆ ಕಡೆ, ಹೆಂಡತಿಗೆ ಅದನ್ನು ಬೇಯಿಸಲು ಕಲಿಸಿದ್ದೇ ಅಜ್ಜಿ. ಕೆಸುವಿಗೆ ಕಾಚಂಪುಳಿಯ ಕಪ್ಪು ಹುಳಿ ರಸ ಹಾಕಿದರೆ ಗಂಟಲು ತುರಿಸುವುದಿಲ್ಲ ಎಂದು ಹೇಳಿಕೊಟ್ಟದ್ದೂ ಅವಳೇ. ಔಷಧಿ ಹೊಡೆಯುವ ಕಾಲ ಬಂದಾಗ ನಾನು ಪಂಪಿನವರಿಗೆ "ತೋಡಿನ ದಂಡೆ ಬಿಡ್ರೋ, ನೀರು ಕೆರೆಗೆ ಹೋಗುತ್ತೆ" ಎಂದು ಹೇಳಿಬಿಡುತ್ತಿದ್ದೆ. ಮೂರು ವರ್ಷ ಹೀಗೆ ನಡೆಯಿತು.

ಆ ಸೊಪ್ಪು, ಗದ್ದೆಯಲ್ಲಿ ಹಿಡಿದ ಏಡಿ, ಅಂಗನವಾಡಿಯ ಮೊಟ್ಟೆ... ಮಗು ಕೆಂಪಿನಿಂದ ಹಳದಿಗೆ ಬಂತು. ಅಜ್ಜಿ ಕಾರ್ಡು ಹಿಡಿದುಕೊಂಡು ಹಾಜರಿ ಕರೆಯುವ ಜಾಗಕ್ಕೇ ಬಂದು ತೋರಿಸಿದ್ದಳು. ಎಲ್ಲರೆದುರು ನಾನು "ಹೋಗ್ ಹೋಗ್, ಕೆಲಸ ನೋಡು" ಎಂದು ಗದರಿದೆ. ಒಳಗೊಳಗೇ ಖುಷಿಯಾಗಿತ್ತು. ಇನ್ನೊಂದು ಮಳೆಗಾಲ ದಾಟಿದರೆ ಹಸಿರಿಗೆ ಬರುತ್ತಾಳೆ ಎಂದು ಅವಳ ಲೆಕ್ಕ.

ಅದೇ ವರ್ಷ ಅಂಗನವಾಡಿಯಲ್ಲಿ ಪೌಷ್ಟಿಕ ಆಹಾರದ ಶಿಬಿರವಾಯಿತು. ಗೋಡೆಯ ತುಂಬ ಕ್ಯಾರೆಟ್ಟು, ಸೇಬು, ಕಿತ್ತಳೆಯ ಚಿತ್ರ. ನಮ್ಮ ಮ್ಯಾನೇಜರರೇ ಮುಖ್ಯ ಅತಿಥಿ. ದಿನಾ ಸೊಪ್ಪು ತಿನ್ನಿ, ಮನೆ ಹಿಂದೆ ಬೆಳೆದುಕೊಳ್ಳಿ ಎಂದು ಭಾಷಣ ಮಾಡಿದರು. ಹಿಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಅಜ್ಜಿ ನನ್ನ ಕಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ನಗು ಬಂತು. ಈಗ ಬರುವುದಿಲ್ಲ.

ಶಿಬಿರ ಕಳೆದು ಹತ್ತು ದಿನಕ್ಕೆ ಸಾಹುಕಾರರು ತೋಟ ನೋಡಲು ಬರುತ್ತಾರೆಂದು ಸುದ್ದಿ. ಮ್ಯಾನೇಜರರು ನನ್ನನ್ನು ಕರೆದುಕೊಂಡು ಬ್ಲಾಕು ಬ್ಲಾಕು ಸುತ್ತಿದರು, ಹಿಂದೆಯೇ ಪಂಪಿನವರು. ಏಳನೇ ಬ್ಲಾಕಿನ ತೋಡಿನ ಹತ್ತಿರ ನಿಂತರು.

"ಏನ್ರೀ ರೈಟರ್, ಇಲ್ಲಿ ಕಾಡು ಬೆಳೆಸಿದ್ದೀರಾ?"

ನೀರು ಕೆರೆಗೆ ಹೋಗುತ್ತೆ ಸಾರ್ ಎನ್ನಬಹುದಿತ್ತು. ಮೂರು ವರ್ಷ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು. ನನ್ನ ಬಾಯಿಗೆ ಏನು ಬಡಿದಿತ್ತೋ! ರಿಟೈರ್ ಆಗಲು ಒಂದೂವರೆ ವರ್ಷವಿತ್ತು, ಆ ಹೆದರಿಕೆ. ನೆಲ ನೋಡುತ್ತಾ ನಿಂತೆ. ಪಂಪಿನವನು ನನ್ನ ಮುಖ ನೋಡಿದ. ಬಿಡು ಎನ್ನುತ್ತೇನೇನೋ ಎಂದು ಒಂದು ಗಳಿಗೆ ಕಾದ. ನಾನು ತಲೆ ಎತ್ತಲಿಲ್ಲ. ಅವನು ಹೊಡೆದ.

ಅಜ್ಜಿ ಆ ದಿನ ಹನ್ನೆರಡನೇ ಬ್ಲಾಕಿನಲ್ಲಿದ್ದಳು. ಅಲ್ಲಿಗೆ ಹಾಕಿದವನು ನಾನೇ.

ಸಂಜೆ ಕ್ವಾರ್ಟರ್ಸಿನ ಮೆಟ್ಟಿಲ ಹತ್ತಿರ ಬಂದು ನಿಂತಳು. ಮಡಿಲಲ್ಲಿ ಸೊಪ್ಪು, ಕಂಕುಳಲ್ಲಿ ಮಗು. ಯಾರೋ ಹೇಳಿದ್ದರೆಂದು ಕಾಣುತ್ತದೆ. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ರೈಟ್ರೇ, ತೊಳೆದ್ರೆ ಹೋಗ್ತದಾ?"

"ಇಲ್ಲ ಅಜ್ಜಿ. ತಿನ್ಬೇಡ. ಮಗೀಗಂತೂ ಕೊಡ್ಲೇಬೇಡ."

"ಹಸಿರಾಗೇ ಉಂಟಲ್ಲ."

ಆ ಔಷಧಿಯ ಗುಣವೇ ಹಾಗೆ. ಹೊಡೆದ ದಿನ ಎಲೆಗೆ ಏನೂ ಆಗುವುದಿಲ್ಲ. ನಾಲ್ಕೈದು ದಿನ ಹಸಿರಾಗಿಯೇ ಇದ್ದು ಆಮೇಲೆ ತುದಿಯಿಂದ ಹಳದಿಯಾಗುತ್ತದೆ. ಅದನ್ನು ವಿವರಿಸಿ ಹೇಳಿದೆ. ಬಹಳ ತಿಳಿದವನ ಹಾಗೆ ಹೇಳಿದೆ, ಥೂ... ಅಜ್ಜಿ ಸೊಪ್ಪನ್ನು ಮೆಟ್ಟಿಲ ಪಕ್ಕ ಸುರಿದು, ಸೆರಗು ಕೊಡವಿ, ಮಗುವಿನ ಕೈಯಲ್ಲಿದ್ದ ಒಂದು ಎಲೆಯನ್ನೂ ಬಿಡಿಸಿ ಎಸೆದು ಹೋದಳು. ಮಗು ಎಲೆಗಾಗಿ ಅತ್ತಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಆಮೇಲೆ ಮಳೆ ಹಿಡಿಯಿತು. ಆನೆಗಳು ತೋಟಕ್ಕಿಳಿದವು, ಅಂಗನವಾಡಿಯ ದಾರಿ ಮುಚ್ಚಿತು. ಹೆಂಡತಿ ಆಗೀಗ ಬೇಳೆ, ಬೆಲ್ಲ ಕೊಟ್ಟು ಕಳಿಸುತ್ತಿದ್ದಳು. ಅಷ್ಟರಿಂದ ಏನಾಗುತ್ತದೆ? ಮಗು ಮತ್ತೆ ಕೆಂಪಿಗಿಳಿಯಿತು. ಅಜ್ಜಿ ಆಸ್ಪತ್ರೆಗೆ ಹೋಗಲಿಲ್ಲ. ಕೋಣೆ ಹೋಗುತ್ತದೆ ಎಂದು ದಿನ ತಳ್ಳಿದಳು. ನಾನಾದರೂ "ಹೋಗು ಅಜ್ಜಿ, ಕೋಣೆ ನಾನು ನೋಡಿಕೊಳ್ತೀನಿ" ಎಂದು ಹೇಳಬೇಕಿತ್ತು. ಮ್ಯಾನೇಜರರನ್ನು ಕೇಳಿ ಹೇಳೋಣ ಎಂದುಕೊಂಡೆ. ಕೇಳಲಿಲ್ಲ. ಜ್ವರ ಏರಿದ ಮೇಲೆ ಎಸ್ಟೇಟಿನ ಜೀಪಿನಲ್ಲಿ ಕರೆದುಕೊಂಡು ಹೋದರು. ಮೂರನೇ ದಿನ ಅದೇ ಜೀಪಿನಲ್ಲಿ ಅಜ್ಜಿ ಬಂದಳು, ತೊಡೆಯ ಮೇಲೆ ಬಟ್ಟೆ ಸುತ್ತಿದ ಮಗು...

ನ್ಯುಮೋನಿಯಾ ಎಂದರಂತೆ ಡಾಕ್ಟರು. ಆ ಪದ ಸಿಕ್ಕಿದ್ದಕ್ಕೆ ನಾನು ಎಷ್ಟು ಸಮಾಧಾನಪಟ್ಟೆ ಎಂದು ನೆನೆದರೆ ನನಗೇ ಅಸಹ್ಯವಾಗುತ್ತದೆ. ಮೈಯಲ್ಲಿ ಒಂದಿಷ್ಟು ಕಸುವಿದ್ದಿದ್ದರೆ ಜ್ವರವನ್ನು ತಡೆದುಕೊಳ್ಳುತ್ತಿತ್ತು ಎಂದು ಟೀಚರ್ ಹೇಳಿದಾಗ ನಾನು ಎದ್ದು ಹೊರಗೆ ಹೋದೆ. ಮಣ್ಣು ಮಾಡಿದ ಮರುದಿನವೇ ಕಕ್ಕಡ ಹದಿನೆಂಟು. ಲೈನಿನವರು ಯಾರೋ ನಮಗೆ ಮದ್ದು ಸೊಪ್ಪು ತಂದುಕೊಟ್ಟರು. ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಅಜ್ಜಿ ಇನ್ನೊಂದು ತಿಂಗಳು ಕೆಲಸಕ್ಕೆ ಬಂದಳು. ಹಾಜರಿ ಕರೆದಾಗ "ಇದ್ದೀನಿ" ಎನ್ನುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಆ ಸದ್ದು ಬರಲಿಲ್ಲ. ಕಾಡಂಚಿನಲ್ಲಿ ತನ್ನ ಜನರಿರುವ ಹಾಡಿಗೆ ಹೋದಳು ಎಂದರು ಕೆಲವರು. ಎರಡು ವರ್ಷದ ಹಿಂದೆ ತೀರಿಕೊಂಡಳಂತೆ. ಅದನ್ನೂ ಯಾರದೋ ಬಾಯಲ್ಲಿ ಕೇಳಿದ್ದು.

ರಿಟೈರ್ ಆದ ದಿನ ನಾನೊಬ್ಬನೇ ಏಳನೇ ಬ್ಲಾಕಿಗೆ ಹೋಗಿದ್ದೆ. ತೋಡಿನ ಅಂಚಿನಲ್ಲಿ, ಔಷಧಿ ತಾಗದ ಕಡೆ, ಒಂದು ಕೆಸು ಚಿಗುರಿತ್ತು. ಗೆಡ್ಡೆ ಕಿತ್ತು ಬಟ್ಟೆಯಲ್ಲಿ ಸುತ್ತಿ ತಂದು ಇಲ್ಲಿ ಬೇಲಿಯ ಬುಡದಲ್ಲಿ, ಬಚ್ಚಲ ನೀರು ಹೋಗುವ ಕಡೆ ಊರಿದೆ. ಈಗ ಅಲ್ಲಿ ಕೆಸುವಿನ ಹಿಂಡೇ ಇದೆ. ಹೆಂಡತಿ ವರ್ಷಕ್ಕೊಮ್ಮೆ ಪತ್ರೊಡೆ ಮಾಡುತ್ತಾಳೆ. ನಾನು ತಿನ್ನುವುದಿಲ್ಲ.

ಬೇಲಿಯ ಬುಡ... ಕುಳಿತಲ್ಲಿಂದ ಧಡಕ್ಕನೆ ಎದ್ದು ಹೊರಗೆ ಓಡಿದೆ.

ಅವನು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. "ನಿಮ್ ಕಡೇನೂ ಹೊಡೆದಿದ್ದೀನಿ ಸಾರ್. ಕೇಳಿದ್ದಕ್ಕೆ ನೀವು ಬೇಡ ಅನ್ಲಿಲ್ಲವಲ್ಲ."

ಎಲೆಗಳ ಮೇಲೆ ಹನಿ ಹನಿಯಾಗಿ ನಿಂತಿತ್ತು. ಒಂದೂ ಬಾಡಿರಲಿಲ್ಲ. ನಾನು ಬಚ್ಚಲಿಂದ ಕೊಡದಲ್ಲಿ ನೀರು ತಂದು ಎಲೆಯ ಮೇಲೆ ಸುರಿದೆ. ಮತ್ತೊಂದು ಕೊಡ ತಂದೆ. ಪಂಚೆಯೆಲ್ಲ ಒದ್ದೆಯಾಯಿತು. ಅವನು ನನ್ನನ್ನೇ ನೋಡುತ್ತಾ ಪಂಪು ಎತ್ತಿಕೊಂಡು ಹೊರಟುಹೋದ. ಹೆಂಡತಿ ಹಿತ್ತಿಲ ಬಾಗಿಲಿಗೆ ಬಂದಳು.

"ತೊಳೆದ್ರೆ ಹೋಗುತ್ತೇನ್ರೀ?"

ಇಲ್ಲ ಎಂದೆ. ಇನ್ನೊಂದು ಕೊಡ ತರಲು ಹೋದೆ.