ಭಾವ ಕಟ್ಟಿದ ನಕಲು ಯಂತ್ರ

ಮರ ಕೆತ್ತುವವರಿಗೆ ತಾಳ್ಮೆ ಜಾಸ್ತಿ ಎಂದು ಯಾರು ಹೇಳಿದರೋ, ಅವರು ನನ್ನ ಭಾವನನ್ನು ನೋಡಿಲ್ಲ. ಅಕ್ಕನ ಗಂಡನಿಗೆ ಕೋಪ ಮೂಗಿನ ತುದಿಯಲ್ಲೇ. ಇದ್ದ ತಾಳ್ಮೆಯನ್ನೆಲ್ಲ ಮರಕ್ಕೆ ಕೊಟ್ಟುಬಿಟ್ಟು, ಮನುಷ್ಯರ ಪಾಲಿಗೆ ಬೈಗುಳ ಮಾತ್ರ ಉಳಿಸಿಕೊಂಡಿದ್ದರು. ಮೂವತ್ತು ವರ್ಷ ಒಂದೇ ಕಿಟಕಿಯ ಕೆಳಗೆ ಕೂತು ಕುರ್ಚಿಯ ಬೆನ್ನು, ಕನ್ನಡಿಯ ಚೌಕಟ್ಟು, ಬಾಗಿಲ ಪಟ್ಟಿ ಕೆತ್ತಿದರು. ಅಳತೆಪಟ್ಟಿ ಮುಟ್ಟುತ್ತಿದ್ದುದು ಬೆನ್ನು ತುರಿಸಿಕೊಳ್ಳಲು ಮಾತ್ರ. ಎಡಗೈ ಹೆಬ್ಬೆರಳಿನಿಂದ ಮರವನ್ನು ಒಮ್ಮೆ ತಡವಿದರೆ ಸಾಕು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಗೊತ್ತಾಗುತ್ತಿತ್ತು.

ನಾನು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವವನು. ನನ್ನ ಅಂಗಡಿ ಅವರ ಕೆಲಸದ ಕೋಣೆಯ ಪಕ್ಕದಲ್ಲೇ. 'ನಿಂದು ಕೆಲಸ ಏನಯ್ಯ, ದಾರ ಸುತ್ತೋದು' ಎಂದು ದಿನಕ್ಕೊಮ್ಮೆಯಾದರೂ ಚುಚ್ಚದಿದ್ದರೆ ಅವರಿಗೆ ತಿಂದದ್ದು ಕರಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು. ಸುಮ್ಮನೆ ಇಟ್ಟುಕೊಂಡರೆ ಕೈ ಸರಿಯಾಗೇ ಇರುತ್ತಿತ್ತು. ಉಳಿ ಹಿಡಿದರೆ ಮಾತ್ರ ನಡುಕ. ಡಾಕ್ಟರು ಮಾತ್ರೆ ಕೊಟ್ಟು, 'ಕಮ್ಮಿ ಆಗಬಹುದು, ಹೋಗಲ್ಲ' ಎಂದರು. ಭಾವ ಆ ಮಾತನ್ನು ನನಗೂ ಅಕ್ಕನಿಗೂ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಸಣ್ಣ ಕೆಲಸ ಬಂದರೆ ಪುರುಸೊತ್ತಿಲ್ಲ ಎಂದು ವಾಪಸು ಕಳಿಸುತ್ತಿದ್ದರು. ಇಡೀ ದಿನ ಉಳಿ ಮಸೆಯುತ್ತಾ ಕೂರುವವರಿಗೆ ಪುರುಸೊತ್ತಿಲ್ಲವಂತೆ!

ಅಂಥ ಹೊತ್ತಿನಲ್ಲಿ ಮಂಚದಂಗಡಿಯವನು ಬಂದ. ಹೊಸ ವಸತಿಗೃಹವೊಂದಕ್ಕೆ ಇಪ್ಪತ್ತನಾಲ್ಕು ಮಂಚ, ಎಲ್ಲದರ ತಲೆಹಲಗೆಯಲ್ಲೂ ಒಂದೇ ಕೆತ್ತನೆ ಬೇಕು ಎಂದ. ಯಾವ ಕೆತ್ತನೆ ಎಂದು ಕೇಳಿದ್ದಕ್ಕೆ ಒಳಕೋಣೆಯ ಕಡೆ ಕೈ ತೋರಿಸಿದ. ಅಲ್ಲಿದ್ದದ್ದು ಅಕ್ಕನ ಮಂಚ. ಮದುವೆಗೆ ಮುಂಚೆ ಭಾವ ತಾವೇ ಕೆತ್ತಿದ್ದು. ಕತ್ತು ಹಿಂದಕ್ಕೆ ತಿರುಗಿಸಿ ರೆಕ್ಕೆ ಕೊಕ್ಕಿನಿಂದ ಬಾಚಿಕೊಳ್ಳುತ್ತಿರುವ ಒಂದು ಹಕ್ಕಿ, ಒಂದೊಂದು ಗರಿಗೂ ಗೆರೆ, ಅಕ್ಕಿಕಾಳಿನಷ್ಟು ಕಣ್ಣು. ಗಟ್ಟಿ ಮರ ಕೊಳ್ಳುವ ಶಕ್ತಿ ಆಗ ಇಲ್ಲದೆ ಮೆತ್ತನೆಯ ಮರದಲ್ಲಿ ಕೆತ್ತಿದ್ದರು. ಅದಕ್ಕಿಂತ ಚೆನ್ನಾದದ್ದನ್ನು ಅವರು ಮತ್ತೆ ಕೆತ್ತಲಿಲ್ಲ. ಇದನ್ನು ಅವರೇ ಹೇಳುತ್ತಿದ್ದರು.

ಭಾವ ಹಿಂದೆಮುಂದೆ ನೋಡದೆ ಒಪ್ಪಿಕೊಂಡರು. ಅಂಗಡಿಯವನು ಹೋದ ಮೇಲೆ ನಾನು ತಲೆ ಚಚ್ಚಿಕೊಂಡೆ. 'ಯಾವ ಕೈಯಲ್ಲಿ ಮಾಡ್ತೀರಿ ಭಾವ?'

'ಆಗಲ್ಲ ಅಂದ್ರೆ ಏನಾಗುತ್ತೆ ಗೊತ್ತಾ? ಇವನ ಕೈ ಹೋಯ್ತು ಅಂತ ನಾಳೆ ಬೀದಿಗೆಲ್ಲ ಗೊತ್ತಾಗುತ್ತೆ. ಆಮೇಲೆ ನಾನು ಯಾರು, ಹೇಳು?'

ಅವರ ಹತ್ತಿರ ಆಗಲೇ ಒಂದು ಯಂತ್ರದ ಚಿತ್ರವಿತ್ತು. ಮಾತ್ರೆ ಡಬ್ಬಿಯ ಹಿಂಭಾಗದಲ್ಲಿ ಬರೆದಿದ್ದರು.

ಆ ಯಂತ್ರದ ಯುಕ್ತಿ ಸುಲಭ. ಮೇಜಿನ ಎಡಕ್ಕೆ ಕೆತ್ತಿದ ಹಲಗೆ, ಬಲಕ್ಕೆ ಬೋಳು ಹಲಗೆ. ಮೇಲೊಂದು ಕಬ್ಬಿಣದ ಚೌಕಟ್ಟು, ಎರಡು ಕೊಳವೆಗಳ ಮೇಲೆ ಉರುಳಿಕೊಂಡು ಎತ್ತ ಬೇಕಾದರೂ ಸರಿಯುತ್ತದೆ, ಏಳುತ್ತದೆ, ಇಳಿಯುತ್ತದೆ. ಅದರ ಎಡತುದಿಗೆ ಒಂದು ಉಕ್ಕಿನ ಕಡ್ಡಿ, ಬಲತುದಿಗೆ ಕೊರೆಯುವ ಮೋಟಾರು. ಕಡ್ಡಿಯನ್ನು ಕೆತ್ತನೆಯ ಮೇಲೆ ಆಡಿಸುತ್ತಾ ಹೋದರೆ ಮೋಟಾರು ಪಕ್ಕದ ಹಲಗೆಯಲ್ಲಿ ಅದನ್ನೇ ಕೊರೆಯುತ್ತಾ ಹೋಗುತ್ತದೆ. ಭಾವ ಆ ಕಡ್ಡಿಗೆ 'ಬೆರಳು' ಎಂದು ಹೆಸರಿಟ್ಟರು.

ಎರಡು ತಿಂಗಳು ಇಬ್ಬರೂ ಅದಕ್ಕೆ ಹೆಣಗಿದೆವು. ಗುಜರಿಯಿಂದ ನೀರಿನ ಕೊಳವೆ, ಸೈಕಲ್ಲಿನ ಬೇರಿಂಗು, ಆಸ್ಪತ್ರೆಯೊಂದು ಎಸೆದ ಹಾಸಿಗೆಯ ಚೌಕಟ್ಟು ತಂದೆವು. ಭಾರ ಕೈಗೆ ಬೀಳದಿರಲಿ ಎಂದು ಚೌಕಟ್ಟಿನ ಹಿಂಬದಿಗೆ ಮರಳು ತುಂಬಿದ ಡಬ್ಬಿ ನೇತುಹಾಕಿದೆವು. ಬೆರಳನ್ನು ಮಸೆದವನು ನಾನು. ಗರಿಯ ಗೆರೆಗೆ ಇಳಿಯಬೇಕಲ್ಲ, ಮೋಟಾರಿನ ತುದಿಯ ಕಟರಿನಷ್ಟೇ ಚೂಪಾಗಿ ಮಸೆದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಭಾವ ನನ್ನ ಕೆಲಸ ನೋಡಿ 'ಪರವಾಗಿಲ್ಲ' ಎಂದರು. ನಾನು ಅದನ್ನು ನಾಲ್ಕು ಜನರ ಹತ್ತಿರ ಹೇಳಿಕೊಂಡು ಬಂದೆ.

ಹಿಂದಿನ ಬೀದಿಯಲ್ಲಿ ಅಂಗಡಿಗಳಿಗೆ ಹೆಸರಿನ ಹಲಗೆ ಕೊರೆದುಕೊಡುವವನೊಬ್ಬನಿದ್ದ. ಇಂಥದೇ ಯಂತ್ರ ಇಟ್ಟುಕೊಂಡವನು. ಅವನು ಬಂದು ಎಲ್ಲ ನೋಡಿ, ಒಂದೇ ಮಾತು ಹೇಳಿದ. 'ಮೂಲದ ಮೇಲೆ ಗಟ್ಟಿ ಗೋಂದು ಎರಡು ಸಲ ಬಳೀರಿ. ಇಲ್ಲಾಂದ್ರೆ ಕಡ್ಡಿ ಮರಾನ ತಿನ್ನುತ್ತೆ.'

ಭಾವ ಮುಖ ಗಂಟಿಕ್ಕಿದರು. 'ಕೆತ್ತಿದ್ದರ ಮೇಲೆ ಗೋಂದು ಬಳಿಯೋನು ಕೆತ್ತನೆಯವನಲ್ಲಪ್ಪ, ಗೋಡೆಗೆ ಪೋಸ್ಟರ್ ಅಂಟಿಸೋನು.'

ನಾನು ಜೋರಾಗಿ ನಕ್ಕೆ. ಅವನು ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ. ಗೋಂದು ಗೆರೆಗಳನ್ನು ಮುಚ್ಚುತ್ತದೆ ಎನ್ನುವುದು ಭಾವನ ವಾದ. ಅದು ನಿಜವೇ. ಒಳ್ಳೆಯ ಕೆತ್ತನೆಯವರು ಯಾರೂ ಕೆತ್ತಿದ ಮೇಲ್ಮೈಗೆ ಗೋಂದು ಸೋಕಿಸುವುದಿಲ್ಲ.

ಮಂಚದಿಂದ ತಲೆಹಲಗೆ ಬಿಚ್ಚುವ ದಿನ ಅಕ್ಕ ಬಾಗಿಲಲ್ಲಿ ನಿಂತಿದ್ದಳು. 'ಹೇಗೆ ತಗೊಂಡು ಹೋಗ್ತೀರೋ ಹಾಗೇ ವಾಪಸು ಬರಬೇಕು' ಎಂದಳು. 'ನಕಲು ತಗೋತೀವಿ ಕಣೇ, ಹಕ್ಕೀನ ಹಾರಿಸ್ಬಿಡ್ತೀವಾ?' ಎಂದು ಭಾವ ರೇಗಿಸಿದರು.

ಮೊದಲ ಪ್ರಯತ್ನ ಹಾಳಾಯಿತು. ಮರಳಿನ ಡಬ್ಬಿಯಿಂದ ಚೌಕಟ್ಟು ಎಷ್ಟು ಹಗುರವಾಗಿತ್ತೆಂದರೆ ಭಾವನ ನಡುಕವೆಲ್ಲ ಬೋಳು ಹಲಗೆಗೆ ಇಳಿಯಿತು. ಗರಿಯ ಗೆರೆಗಳೆಲ್ಲ ಅಂಕುಡೊಂಕು. ಭಾವ ಕೈಯನ್ನು ಮೊಣಕಾಲಿನ ಸಂದಿಯಲ್ಲಿ ಒತ್ತಿಕೊಂಡು ಕೂತುಬಿಟ್ಟರು. ಆಗ ಉಪಾಯ ಹೊಳೆದದ್ದು ನನಗೆ. ಡಬ್ಬಿಯ ಮರಳು ಮುಕ್ಕಾಲು ಪಾಲು ಹೊರಗೆ ಸುರಿದುಬಿಟ್ಟೆ. ಚೌಕಟ್ಟು ತನ್ನ ಭಾರಕ್ಕೆ ತಾನೇ ಕೂತಿತು, ಆ ಭಾರಕ್ಕೆ ನಡುಕ ಅಡಗಿತು. ಎರಡನೆಯ ಹಲಗೆಯಲ್ಲಿ ಹಕ್ಕಿ ಕಣ್ಣು ಬಿಟ್ಟುಕೊಂಡೇ ಎದ್ದು ಬಂತು. ಭಾವ ಹೆಬ್ಬೆರಳಿನಿಂದ ತಡವಿ ತಡವಿ ನೋಡಿದರು. 'ನಂದೇ ಕೈ ಕಣೋ, ಆಗಿನ ಕೈ' ಎಂದರು. ಆ ದಿನದಷ್ಟು ಹೆಮ್ಮೆ ನನಗೆ ನನ್ನ ಸ್ವಂತ ಕೆಲಸದಲ್ಲೂ ಆಗಿಲ್ಲ.

ಮೂರು ವಾರದಲ್ಲಿ ಒಂಬತ್ತು ಹಲಗೆ ಆದವು. ಆರನೆಯದರಲ್ಲಿ ಗೆರೆ ಯಾಕೋ ಮೊಂಡು ಎನಿಸಿತು. ಕಟರ್ ಸವೆದಿರಬೇಕು ಎಂದು ಬದಲಾಯಿಸಿದೆವು. ಏಳನೆಯದು ಇನ್ನೂ ಮೊಂಡಾಯಿತು. ಬೇರಿಂಗು ಸಡಿಲ ಎಂದು ಭಾವ, ಮೋಟಾರು ನಿಧಾನ ಎಂದು ನಾನು. ಬಿಚ್ಚಿ ಕಟ್ಟಿ, ಎಣ್ಣೆ ಬಿಟ್ಟು, ಒಬ್ಬರನ್ನೊಬ್ಬರು ಬೈದುಕೊಂಡು ಎಂಟು ಮುಗಿಸಿದೆವು, ಒಂಬತ್ತು ಮುಗಿಸಿದೆವು. ಇಬ್ಬರ ಕಣ್ಣೂ ಬಲಗಡೆಯ ಹಲಗೆಯ ಮೇಲೇ ಇತ್ತು. ಎಡಗಡೆಯದು ಹೇಗೂ ಮೂಲವಲ್ಲವೇ, ಅದನ್ನು ನೋಡುವುದೇನಿದೆ?

ಒಂದು ಬೆಳಿಗ್ಗೆ ಅಕ್ಕ ಕೋಣೆ ಗುಡಿಸಲು ಬಂದಳು. ತನ್ನ ತಲೆಹಲಗೆಯ ಮೇಲಿನ ಮರದ ಪುಡಿ ಒರೆಸುತ್ತಿದ್ದವಳ ಕೈ ನಿಂತಿತು.

'ಕಣ್ಣೆಲ್ಲಿ?' ಎಂದಳು.

'ಯಾರ ಕಣ್ಣು?' ಎಂದರು ಭಾವ.

'ಹಕ್ಕೀದು.'

ಭಾವ ಎದ್ದು ಬಂದು ಹೆಬ್ಬೆರಳು ಇಟ್ಟರು. ಕತ್ತಿನ ಮೇಲೆ ಆಡಿಸಿದರು, ರೆಕ್ಕೆಯ ಮೇಲೆ ಆಡಿಸಿದರು. ನಾನು ಒಂಬತ್ತು ಹಲಗೆಗಳನ್ನೂ ಸಾಲಾಗಿ ಗೋಡೆಗೆ ಆನಿಸಿದೆ. ಮೊದಲನೆಯದರಲ್ಲಿ ಹಕ್ಕಿ ಇತ್ತು. ಕೊನೆಯದರಲ್ಲಿ ಹಕ್ಕಿಯ ಆಕಾರದ ಗುಡ್ಡೆ ಇತ್ತು. ನಡುಕ ಅಡಗಿಸಲೆಂದು ನಾನು ಮರಳು ಸುರಿದಾಗ ಚೌಕಟ್ಟಿಗೆ ಬಂದ ಭಾರವೆಲ್ಲ ಚೂಪು ಬೆರಳಿನ ಮೇಲೆ ಬಿದ್ದು, ಬೆರಳು ಮೆತ್ತನೆಯ ಮರವನ್ನು ದಿನವೂ ಕೆರೆದಿತ್ತು. ಅಡಗಿದ ನಡುಕ ಅದರೊಳಗೆ ಅರದ ಹಾಗೆ ಕೆಲಸ ಮಾಡಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನ ಕೈಗೇ ದೊಣ್ಣೆ ಕೊಟ್ಟವನು ನಾನು. ಈ ಪಾಪ ನನ್ನನ್ನು ಬಿಡುವುದಿಲ್ಲ, ಬಿಡಲೂಬಾರದು.

'ಮೊದಲ್ನೇ ನಕಲಿಗೆ ಗೋಂದು ಬಳಿಯೋಣ ಭಾವ, ಅದನ್ನೇ ಮೂಲ ಮಾಡ್ಕೊಳ್ಳೋಣ' ಎಂದೆ. ಅವರಿಗೆ ಕೇಳಿಸಲಿಲ್ಲವೋ ಏನೋ. ಅತಿ ಸಣ್ಣ ಉಳಿ ತೆಗೆದುಕೊಂಡು ಕಣ್ಣಿದ್ದ ಜಾಗಕ್ಕೆ ಇಟ್ಟರು. ಬಲಗೈ ಮಣಿಕಟ್ಟನ್ನು ಎಡಗೈಯಿಂದ ಹಿಡಿದರು. ಈಗ ಎರಡೂ ಕೈ ನಡುಗಿದವು. ಉಳಿ ಜಾರಿ ಹಕ್ಕಿಯ ಕತ್ತಿನುದ್ದಕ್ಕೂ ಬಿಳಿ ಗೆರೆ ಎಳೆಯಿತು.

ಅಕ್ಕ ಅವರ ಕೈಯಿಂದ ಉಳಿ ತೆಗೆದುಕೊಂಡಳು. 'ಬಿಡಿ, ಇಷ್ಟು ವರ್ಷ ನೋಡಿದೀನಲ್ಲ, ಸಾಕು' ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಬಾಗಿಲು ಹಾಕಿಕೊಂಡದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮಾರನೆಯ ದಿನ ಮಂಚದಂಗಡಿಯವನು ಬಂದ. ಭಾವ ಎಲ್ಲ ಹೇಳಿಬಿಡಲು ಸಿದ್ಧರಾಗಿ ನಿಂತಿದ್ದರು. ಅವನು ಒಂಬತ್ತನ್ನೂ ಒಂದೇ ನೋಟದಲ್ಲಿ ನೋಡಿ, 'ಎಲ್ಲ ಒಂದೇ ಥರ ಬಂದಿದೆ, ನನಗೆ ಬೇಕಾಗಿದ್ದೂ ಇದೇ' ಎಂದ.

'ಇದಕ್ಕೆ ಕಣ್ಣಿಲ್ಲ' ಎಂದರು ಭಾವ, ಕೊನೆಯ ಹಲಗೆ ತೋರಿಸಿ.

'ಯಾರ್ ನೋಡ್ತಾರೆ ಬಿಡಿ, ಬರೋರೆಲ್ಲ ಮಲಗೋಕೆ ಬರೋರು. ಮಿಕ್ಕ ಹದಿನೈದು ಬೇಗ ಕೊಡಿ.'

ಅವನು ಹೋದ ಮೇಲೆ ಭಾವ ಯಂತ್ರದ ಹಿಡಿಕೆಯನ್ನು ನನ್ನ ಕಡೆ ತಿರುಗಿಸಿದರು. 'ತಗೋ, ನೀನೇ ಮಾಡು. ಇನ್ನು ಯಾರು ಹಿಡಿದ್ರೂ ಆಗುತ್ತೆ.'

ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ.

ಆ ಹದಿನೈದು ಹಲಗೆಗಳನ್ನು ಆ ಸವೆದ ಹಲಗೆಯಿಂದಲೇ ಮಾಡಿದವನು ಮೋಟಾರಿಗೆ ತಂತಿ ಸುತ್ತುವ ನಾನು. ಭಾವ ಕೋಣೆಗೆ ಬರಲಿಲ್ಲ. ಹಲಗೆಗಳನ್ನು ಮುಟ್ಟಿಸಿ ಬಂದಾಗ ಅಂಗಡಿಯವನು ಏನಂದ ಎಂದು ಅಕ್ಕ ಮೆಲ್ಲಗೆ ಕೇಳಿದಳು. ಕೊನೆಯವು ಮೊದಲಿನವಕ್ಕಿಂತ ನಯವಾಗಿವೆ, ಭಾವನ ಕೈ ವರ್ಷ ಹೋದ ಹಾಗೆ ಇನ್ನೂ ಪಳಗುತ್ತಿದೆ ಎಂದನೆಂದು ಹೇಳಿದೆ.

'ಅವರಿಗೆ ಹೇಳ್ಬೇಡ' ಎಂದಳು ಅಕ್ಕ.

ಅಷ್ಟರಲ್ಲಿ ಅಂಗಡಿಯವನು ತಾನೇ ಫೋನ್ ಮಾಡಿ ಭಾವನಿಗೆ ಅದನ್ನು ಹೇಳಿಬಿಟ್ಟಿದ್ದ.